ಆಹಾರಕ್ಕಾಗಿ ಸಾಕುವ ಚಿಮ್ಮಂಡೆಗಳ ಬಣ್ಣಭೇದವೂ ಅದರ ಅರ್ಥವೂ

ಚಿಮ್ಮಂಡೆಯೆಂಬ ಹುಳುವನ್ನು ನಮ್ಮ ವ್ಯವಸಾಯಗಾರರಿಗೆ ಪರಿಚಯ ಮಾಡಿಕೊಡಬೇಕಾದ ಅಗತ್ಯವಿಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ಗೋಡೆಯ ಬಿರುಕಿನಿಂದಲೂ, ಕಟ್ಟಿಗೆಯ ರಾಶಿಯಿಂದಲೂ, ಗದ್ದೆಯ ಹುಣಿಯಿಂದಲೂ ಒಂದೇ ಸಮನೆ ಕಿರಿಗುಟ್ಟುವ ಹುಳುವೇ ಅದು. ಹಗಲಲ್ಲಿ ಮರದ ಮೇಲೆ ಕುಳಿತು ಕಿವಿಗಡಚಿಕ್ಕುವಂತೆ ಕೂಗುವ ಜೀರುಂಡೆ ಬೇರೆ; ಹುಲ್ಲಿನಲ್ಲಿ ನೆಗೆಯುವ ಮಿಡತೆ ಬೇರೆ. ಸಸಿಮಡಿಯಲ್ಲಿ ಎಳೆಯ ಗಿಡಗಳ ಬುಡವನ್ನು ಕತ್ತರಿಸುವ ಕೆಲವು ಜಾತಿಗಳ ದೆಸೆಯಿಂದ ಚಿಮ್ಮಂಡೆಯು ನಮ್ಮ ಲೆಕ್ಕದಲ್ಲಿ ಬಹುಕಾಲ ಪೀಡೆಗಳ ಸಾಲಿನಲ್ಲಿಯೇ ಇದ್ದಿತು. ಈಗ ಅದನ್ನು ಬೇಕೆಂದು ಹಿಡಿಯುವವರೂ, ಹಣ ಕೊಟ್ಟು ಕೊಳ್ಳುವವರೂ, ಪೆಟ್ಟಿಗೆಯಲ್ಲಿಟ್ಟು ಸಾಕುವವರೂ ಮಂಗಳೂರು ನಗರದಲ್ಲಿ ಕಾಣಿಸಿಕೊಂಡಿರುವುದರಿಂದ, ಮತ್ತು ಅವರಿಗೆ ಬೇಕಾದ ಹುಳುಗಳಲ್ಲಿ ಒಂದು ಪಾಲು ನಮ್ಮ ಗ್ರಾಮಗಳ ಗದ್ದೆ ತೋಟಗಳಿಂದಲೇ ಹೋಗುತ್ತಿರುವುದರಿಂದ, ಈ ವಿಷಯವನ್ನು ಊರಿನ ಮುಖ್ಯಸ್ಥರ ಮತ್ತು ಭೂಮಾಲಿಕರ ಮುಂದೆ ಇಡಬೇಕಾಗಿ ಬಂದಿದೆ.

ಕೊಳ್ಳುವವರು ಮೂರು ಬಗೆ. ಕೋಳಿ ಸಾಕುವವರು, ಗಾಜಿನ ತೊಟ್ಟಿಯಲ್ಲಿ ಅರೋವಾನದಂತಹ ದೊಡ್ಡ ಮೀನುಗಳನ್ನು ಸಾಕುವವರು, ಹೊರದೇಶದ ಓತಿ ಮೊದಲಾದ ಸರೀಸೃಪಗಳನ್ನು ಸಾಕುವವರು. ಮೊದಲಿನ ಇಬ್ಬರು ಹುಳುವಿನ ಬಣ್ಣವನ್ನು ವಿಚಾರಿಸುವುದಿಲ್ಲ. ಕೋಳಿಯಂತೂ ವಿಚಾರಿಸುವುದೇ ಇಲ್ಲ. ಮೂರನೆಯವರು ಮಾತ್ರ ಬಹಳ ವಿಚಾರಿಸುವರು. ಬಿಳಿಯ ಚಿಮ್ಮಂಡೆ ತೊನ್ನು ಹಿಡಿದದ್ದೆ? ಕರಿಯದು ನಂಜೆ? ಒಂದೇ ಪೆಟ್ಟಿಗೆಯಲ್ಲಿ ಹುಟ್ಟಿದವು ಕೆಲವು ಕಂದು, ಕೆಲವು ಮಸಿಯಂತೆ ಕಪ್ಪು ಏಕೆ? ಹೀಗೆಲ್ಲ ಪ್ರಶ್ನೆಗಳು ಬರುವುವು. ಇವುಗಳಲ್ಲಿ ಹೆಚ್ಚಿನವು ವೃಥಾ ಭಯದಿಂದ ಹುಟ್ಟಿದವು. ಆದರೆ ಒಂದೆರಡು ಬಣ್ಣಗಳ ವಿಚಾರದಲ್ಲಿ ಭಯಕ್ಕೆ ಕಾರಣವುಂಟು. ಮತ್ತು ಯಾವ ಬಣ್ಣವೂ ತೋರಿಸದ ಒಂದು ಅಪಾಯವೂ ಉಂಟು. ಈ ಮೂರನೆಯದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. ತಪ್ಪು ಮಾಡಿ ಕಲಿತದ್ದು.

ಕೆಲವು ವರ್ಷಗಳ ಹಿಂದೆ ಜೂನ್ ತಿಂಗಳ ಎರಡನೆಯ ವಾರದಲ್ಲಿ, ಮಳೆಯು ಎರಡು ದಿನ ಬಿಡುವು ಕೊಟ್ಟಿದ್ದಾಗ, ನಗರದ ಪೂರ್ವಕ್ಕಿರುವ ಒಂದು ಗ್ರಾಮದ ಅಡಿಕೆ ತೋಟದ ಯಜಮಾನರು ತಮ್ಮ ಮಗನೊಡನೆ ನಾನಿದ್ದಲ್ಲಿಗೆ ಬಂದರು. ಮಗನು ನಗರದಲ್ಲಿ ಉದ್ಯೋಗದಲ್ಲಿದ್ದು, ಆಸ್ಟ್ರೇಲಿಯಾ ದೇಶದ ಎರಡು ಓತಿಗಳನ್ನು ಸಾಕಿಕೊಂಡಿದ್ದನು. ಕೊರಳಿನ ಕೆಳಗೆ ಮುಳ್ಳುಮುಳ್ಳಾದ ಗಡ್ಡವಿರುವುದರಿಂದ ಇವಕ್ಕೆ ಗಡ್ಡದೋತಿಯೆಂದು ಕರೆಯಬಹುದು. ತಂದೆಯು ವಾರಕ್ಕೊಮ್ಮೆ ತೋಟದಲ್ಲಿ ಚಿಮ್ಮಂಡೆ ಹಿಡಿಸಿ ಬಿಸ್ಕತ್ತಿನ ಡಬ್ಬದಲ್ಲಿ ಬಸ್ಸಿನ ಮೂಲಕ ಕಳುಹಿಸುವುದು ವಾಡಿಕೆಯಾಗಿದ್ದಿತು. ಆ ವಾರದ ಡಬ್ಬವನ್ನು ತೆರೆದು ನೋಡಿದಾಗ ಹತ್ತರಲ್ಲಿ ಮೂರು ನಾಲ್ಕು ಹುಳುಗಳ ಬೆನ್ನಿನ ಮೇಲೆ ನೀಲಿಯ ಛಾಯೆ. ಮಗನು ಎಲ್ಲಿಯೋ ಓದಿದ್ದನು: ನೀಲಿಯಾದ ಚಿಮ್ಮಂಡೆಗೆ ಮದ್ದಿಲ್ಲದ ಸೋಂಕು ಇರುವುದೆಂದು. ಡಬ್ಬವನ್ನು ಸುಡಬೇಕೆಂದು ಅವನ ಹಟ.

"ಸುಡುವುದೆಂತಕ್ಕೆ ಮಾರಾಯರೇ? ಇದು ಮೈಲುತುತ್ತ. ಮೊನ್ನೆಯಷ್ಟೆ ಕೊಳೆರೋಗಕ್ಕೆ ಮದ್ದು ಬಿಡಿಸಿದ್ದೇನೆ. ಈ ಹುಡುಗನಿಗೆ ತೋಟದ ಸುದ್ದಿ ಮರೆತುಹೋಗಿದೆ" ಎಂದು ತಂದೆಯು ನನ್ನೊಡನೆ ಹೇಳಿದರು.

ಇಬ್ಬರ ಮಾತಿಗೂ ಆಧಾರವುಂಟು. ಯಾರದು ಸರಿಯೆಂದು ತಿಳಿಯಬೇಕಾದರೆ ಚಿಮ್ಮಂಡೆಗೆ ಬಣ್ಣವು ಎಲ್ಲಿಂದ ಬರುವುದೆಂಬುದನ್ನು ಮೊದಲು ತಿಳಿಯತಕ್ಕದ್ದು.

ಮೊದಲನೆಯದು ಜಾತಿಯ ಬಣ್ಣ. ನಮ್ಮಲ್ಲಿಯೂ, ಆಫ್ರಿಕ, ದಕ್ಷಿಣ ಯೂರೋಪು ಮತ್ತು ಏಷ್ಯದ ಬಹುಭಾಗದಲ್ಲಿಯೂ ಸಿಗುವ ಗ್ರಿಲ್ಲಸ್ ಬೈಮ್ಯಾಕ್ಯುಲೇಟಸ್ ಎಂಬ ಹೊಲದ ಚಿಮ್ಮಂಡೆಯು ಹೊಳೆಯುವ ಕಪ್ಪು. ಮುಂದಿನ ರೆಕ್ಕೆಗಳ ಬುಡದಲ್ಲಿ ಎರಡು ಹಳದಿ ಬೊಟ್ಟುಗಳು. ವ್ಯಾಪಾರಕ್ಕಾಗಿ ಲೋಕದಲ್ಲೆಲ್ಲ ಸಾಕುವ ಮನೆ ಚಿಮ್ಮಂಡೆ, ಅಂದರೆ ಅಕೀಟ ಡೊಮೆಸ್ಟಿಕಸ್, ಒಣಹುಲ್ಲಿನ ಬಣ್ಣದ್ದು; ತಲೆಯ ಮೇಲೆ ಅಡ್ಡಲಾಗಿ ಕಂದು ಪಟ್ಟೆಗಳು. ನಮ್ಮ ಅಡಿಗೆಮನೆಗಳಲ್ಲಿಯೂ ಬಚ್ಚಲುಗಳಲ್ಲಿಯೂ ಕಾಣುವ ಗ್ರಿಲ್ಲೋಡಿಸ್ ಎಂಬ ಸಣ್ಣ ಜಾತಿಯೂ ಒಣಹುಲ್ಲಿನ ಬಣ್ಣದ್ದೇ, ಆದರೆ ಅದರ ಹೊಟ್ಟೆಯ ಮೇಲೆ ಕಪ್ಪು ಪಟ್ಟೆಗಳುಂಟು, ಹೆಣ್ಣಿಗೆ ರೆಕ್ಕೆಯು ಇಲ್ಲವೆಂದೇ ಹೇಳಬಹುದು. ಈ ಮೂರನ್ನೂ ಒಂದೇ ಡಬ್ಬದಲ್ಲಿ ಹಾಕಿದರೆ ಮೂರು ಬಣ್ಣ ಕಾಣುವುದು. ಅದರಲ್ಲಿ ರೋಗದ ಮಾತೇ ಇಲ್ಲ. ಕರಿಯ ಜಾತಿಯು ನಂಜಲ್ಲ. ಅದರ ಸ್ವಭಾವ ಮಾತ್ರ ಸ್ವಲ್ಪ ಕೆಟ್ಟದ್ದು. ಪರಸ್ಪರ ಕಚ್ಚಾಡುವುದು ಹೆಚ್ಚು, ಬೆಳೆದದ್ದರ ಮೈ ಗಟ್ಟಿ. ಆದಕಾರಣ ಸಣ್ಣ ಓತಿಗೆ ಬೆಳೆದ ಕರಿಯ ಹುಳುವನ್ನು ಹಾಕದೆ, ಓತಿಯ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ದೊಡ್ಡದಲ್ಲದ ಮರಿಯನ್ನು ಹಾಕುವುದು ಸಾಕುವವರಲ್ಲಿ ರೂಢಿಯಾಗಿದೆ. ಜಾತಿ ಯಾವುದಾದರೂ, ತಿಂದು ಉಳಿದ ಹುಳುಗಳನ್ನು ರಾತ್ರಿ ಗೂಡಿನಲ್ಲಿ ಬಿಡಕೂಡದು. ಹಸಿದ ಚಿಮ್ಮಂಡೆಯು ನಿದ್ರೆಯಲ್ಲಿರುವ ಓತಿಯ ಬಾಲವನ್ನೂ ಬೆರಳನ್ನೂ ಕೊರೆಯುವುದು.

ಎರಡನೆಯದು ವಯಸ್ಸಿನ ಬಣ್ಣ. ಬಿಳಿಯ ಚಿಮ್ಮಂಡೆಯ ರಹಸ್ಯವು ಇಲ್ಲಿಯೇ ಇರುವುದು. ಚಿಮ್ಮಂಡೆಗೆ ಎಲುಬಿಲ್ಲ, ಹೊರಗಿನ ಚಿಪ್ಪೇ ಅದಕ್ಕೆ ಆಧಾರ. ಚಿಪ್ಪು ಹಿಗ್ಗುವ ವಸ್ತುವಲ್ಲವಾದ್ದರಿಂದ, ಮೊಟ್ಟೆಯೊಡೆದು ಬಂದ ಮರಿಯು ದೊಡ್ಡದಾಗುವುದರೊಳಗೆ ಎಂಟು ಹತ್ತು ಸಲ ಪೊರೆ ಕಳಚಬೇಕಾಗುವುದು. ಹಳೆಯ ಚಿಪ್ಪು ಬೆನ್ನಿನ ನಡುವೆ ಸೀಳಿ, ಅದರೊಳಗಿಂದ ಹುಳುವು ಹಾಲಿನಂತೆ ಬೆಳ್ಳಗೆ, ಬೆಣ್ಣೆಯಂತೆ ಮೆತ್ತಗೆ ಹೊರಬರುವುದು. ಕಣ್ಣು ಮಾತ್ರ ಕಪ್ಪು. ಹೊಸ ಚಿಪ್ಪಿನಲ್ಲಿರುವ ಸಸಾರಜನಕ ಪದಾರ್ಥಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾಗುತ್ತ ಬಂದಂತೆ ಬಣ್ಣವೂ ಏರುವುದು. ತೊಗಲನ್ನು ಅಳಲೆಕಾಯಿಯ ನೀರಿನಲ್ಲಿ ಹದ ಮಾಡಿದಾಗ ಅದು ಗಟ್ಟಿಯೂ ಕಂದೂ ಆಗುವುದಷ್ಟೆ. ಇದೂ ಬಹುಮಟ್ಟಿಗೆ ಆ ಬಗೆಯ ಕ್ರಿಯೆಯೇ. ಕೆಲವು ಗಂಟೆಗಳಲ್ಲಿ ಬಿಳಿ ಹುಳು ತನ್ನ ಜಾತಿಯ ಬಣ್ಣಕ್ಕೆ ತಿರುಗುವುದು.

ನಗರದಲ್ಲಿ ಒಬ್ಬರು ಪ್ರತಿದಿನ ಬೆಳಿಗ್ಗೆ ಬಿಳಿಯ ಹುಳುಗಳನ್ನು ಆರಿಸಿ ರೋಗದವೆಂದು ಬಚ್ಚಲಿಗೆ ಹಾಕುತ್ತಿದ್ದರು. ಓತಿಗೆ ಇದಕ್ಕಿಂತ ಸುಲಭವಾಗಿ ಜೀರ್ಣವಾಗುವ ತುತ್ತು ಬೇರೆಯಿಲ್ಲ. ಎಳೆಯ ಓತಿಗೂ, ರೋಗದಿಂದ ಎದ್ದ ಓತಿಗೂ ಅದನ್ನೇ ಆರಿಸಿ ಕೊಡಬೇಕು. ಓತಿ ತಿನ್ನದಿದ್ದರೆ ಆ ಹುಳುವಿನ ಒಡಹುಟ್ಟಿದವೇ ಅದನ್ನು ತಿಂದು ಮುಗಿಸುವುವು. ಏಕೆಂದರೆ ಪೊರೆ ಕಳಚಿದ ಹೊತ್ತಿನಲ್ಲಿ ಅದಕ್ಕೆ ಓಡಲೂ ಶಕ್ತಿಯಿಲ್ಲ, ಕಚ್ಚಲೂ ಶಕ್ತಿಯಿಲ್ಲ. ಪೆಟ್ಟಿಗೆಯಲ್ಲಿ ಕಾಲು ಮುರಿದ, ರೆಕ್ಕೆ ಹರಿದ ಹುಳುಗಳು ಹೆಚ್ಚಾಗಿದ್ದರೆ ಅದು ರೋಗದ ಲಕ್ಷಣವಲ್ಲ. ಜಾಗ ಸಾಲದು, ಅಥವಾ ನೀರು ಮತ್ತು ಮೇವು ಸಾಲದು ಎಂಬುದರ ಲಕ್ಷಣ. ಗಾಯದ ಮೇಲೆ ಕಾಣುವ ಕರಿಯ ಕಲೆಯು ಕೊಳೆತವಲ್ಲ; ಕೀಟದ ರಕ್ತವು ಗಾಯವನ್ನು ಮುಚ್ಚುವಾಗ ಕಪ್ಪುಗಟ್ಟುವುದು ಸ್ವಾಭಾವಿಕ.

ಮೂರನೆಯದು ಹವೆ, ಇಕ್ಕಟ್ಟು ಮತ್ತು ಮೇವಿನ ಬಣ್ಣ. ಕೀಟಗಳು ತಂಪಿನಲ್ಲಿ ಬೆಳೆದರೆ ಸಾಮಾನ್ಯವಾಗಿ ಮೈ ಕಪ್ಪೇರುವುದು, ಸೆಕೆಯಲ್ಲಿ ಬೆಳೆದರೆ ತಿಳಿಯಾಗುವುದು. ಕಪ್ಪು ಮೈ ಬಿಸಿಲನ್ನು ಬೇಗ ಹೀರುವುದರಿಂದ ಚಳಿಯ ಪ್ರದೇಶದಲ್ಲಿ ಅದು ಲಾಭವೇ. ಗಜ್ಜರಿಯನ್ನು ತಿಂದ ಹುಳುವಿನ ಹೊಟ್ಟೆಯ ಕೆಳಗೆ ಕಿತ್ತಳೆಯ ಛಾಯೆ ಕಂಡರೆ ಅದು ಕರುಳಿನಲ್ಲಿರುವ ಮೇವಿನ ಬಣ್ಣ. ಇಕ್ಕಟ್ಟಿನಲ್ಲಿ ಬೆಳೆದ ಚಿಮ್ಮಂಡೆಗೂ ಬಿಡಿಯಾಗಿ ಬೆಳೆದದ್ದಕ್ಕೂ ಮೈಬಣ್ಣದಲ್ಲಿ ವ್ಯತ್ಯಾಸ ಬರುವುದುಂಟು.

ಈ ಇಕ್ಕಟ್ಟಿನ ಬಣ್ಣವನ್ನು ಕೇವಲ ಕುತೂಹಲದ ಸಂಗತಿಯೆಂದು ತಳ್ಳಿಹಾಕಬಾರದು. ಚಿಮ್ಮಂಡೆಯ ದಾಯಾದಿಯಾದ ಮರುಭೂಮಿ ಮಿಡತೆಯಲ್ಲಿ ಅದರಿಂದ ರಾಜ್ಯಗಳೇ ನಡುಗಿವೆ. ಬಿಡಿಯಾಗಿದ್ದಾಗ ಸುತ್ತಲಿನ ಹುಲ್ಲು ಮಣ್ಣುಗಳ ಬಣ್ಣದಲ್ಲಿ ಅಡಗಿರುವ ಮಿಡತೆಯು, ಗುಂಪುಗೂಡಿ ಬೆಳೆದಾಗ ಹಳದಿಯ ಮೇಲೆ ಕಪ್ಪು ಬರೆಯ ಮರಿಯಾಗಿ, ರೆಕ್ಕೆ ಬಂದ ಮೇಲೆ ಮೊದಲು ನಸುಗೆಂಪಾಗಿ, ಮೊಟ್ಟೆಯಿಡುವ ಕಾಲಕ್ಕೆ ಹಳದಿಯಾಗಿ ಪರಿಣಮಿಸುವುದು. ಬೇರೆ ಬೇರೆ ಜಾತಿಯೆಂದು ಎಣಿಸಿದ್ದ ಎರಡು ಬಣ್ಣದ ಮಿಡತೆಗಳು ಒಂದೇ ಜಾತಿಯ ಎರಡು ಅವಸ್ಥೆಗಳೆಂಬುದನ್ನು ಉವರೋವ್ ಎಂಬ ಕೀಟಶಾಸ್ತ್ರಜ್ಞರು ೧೯೨೧ರಲ್ಲಿ ತೋರಿಸಿಕೊಟ್ಟರು. ೨೦೨೦ನೆಯ ಇಸವಿಯ ಮೇ ತಿಂಗಳಲ್ಲಿ ರಾಜಸ್ಥಾನದಿಂದ ಮಧ್ಯಪ್ರದೇಶ ಮಹಾರಾಷ್ಟ್ರಗಳವರೆಗೆ ಬಂದ ಹಿಂಡುಗಳು ನಸುಗೆಂಪಿನವು, ಅಂದರೆ ಹಸಿವು ಹೆಚ್ಚು, ಹಾರಾಟ ಹೆಚ್ಚು, ಮೊಟ್ಟೆಯಿಡಲು ಇನ್ನೂ ಕಾಲವಿದೆ ಎಂಬ ವಯಸ್ಸಿನವು. ಆಗ ನಮ್ಮ ರಾಜ್ಯದ ಬೀದರ ಕಲಬುರಗಿಗಳಲ್ಲಿಯೂ ಎಚ್ಚರಿಕೆ ಕೊಡಬೇಕಾಯಿತು. ಕೀಟದ ಬಣ್ಣವನ್ನು ಓದುವುದು ಮಕ್ಕಳಾಟವಲ್ಲವೆಂಬುದಕ್ಕೆ ಇಷ್ಟು ಸಾಕು.

ಇನ್ನು ರೋಗದ ಬಣ್ಣಗಳು. ಚಿಮ್ಮಂಡೆಯ ರೋಗಗಳಲ್ಲಿ ಅತ್ಯಂತ ಹಾನಿಕರವಾದದ್ದಕ್ಕೆ ಬಣ್ಣವೇ ಇಲ್ಲವೆಂಬುದನ್ನು ಮೊದಲು ಹೇಳಬೇಕು. ಮನೆ ಚಿಮ್ಮಂಡೆಗೆ ತಗಲುವ ಡೆನ್ಸೋ ಎಂಬ ವಿಷಾಣುವು ಯೂರೋಪಿನ ಸಾಕಣೆಗಳನ್ನು ಬಾಧಿಸಿದ ಬಳಿಕ ೨೦೦೯ ಮತ್ತು ೨೦೧೦ರಲ್ಲಿ ಅಮೆರಿಕದ ಸಾಕಣೆಗಳನ್ನು ನೆಲಸಮ ಮಾಡಿತು. ಹುಳು ಬೆಳೆಯದೆ ಕುಬ್ಜವಾಗುವುದು, ಹೊಟ್ಟೆಯುಬ್ಬುವುದು, ಅಂಗಾತ ಬಿದ್ದು ಕಾಲಾಡಿಸುವುದು, ಸಾಯುವುದು. ಓತಿಗೆ ಇದರಿಂದ ಕೇಡಿಲ್ಲ. ಕೇಡು ಸಾಕುವವನ ಹಣಕ್ಕೆ. ನಮ್ಮ ಎರಡು ಬೊಟ್ಟಿನ ಕರಿಯ ಚಿಮ್ಮಂಡೆಯು ಈ ರೋಗವನ್ನು ತಡೆದುಕೊಳ್ಳುವುದರಿಂದ ಆಮೇಲೆ ಅದರ ಬೆಲೆ ಏರಿತು.

ಬೂಷ್ಟಿನ ಬಣ್ಣಗಳು ಸುಲಭವಾಗಿ ಗುರುತಿಗೆ ಬರುವುವು. ಸತ್ತ ಹುಳುವಿನ ಸಂಧಿಗಳಲ್ಲಿ ಬಿಳಿಯ ಹಿಟ್ಟಿನಂತಹ ಬೂಷ್ಟು ಒಂದು ಬಗೆ, ಪಾಚಿಯಂತಹ ಹಸಿರು ಬೂಷ್ಟು ಇನ್ನೊಂದು. ಹಸಿರಿನದು ತೆಂಗು ಬೆಳೆಯುವವರಿಗೆ ಹಳೆಯ ಮಿತ್ರ. ಗೊಬ್ಬರದ ಗುಂಡಿಯಲ್ಲಿರುವ ಕುರುವಾಯಿ ದುಂಬಿಯ ಮರಿಗಳನ್ನು ಕೊಲ್ಲುವುದಕ್ಕಾಗಿ ನಾವು ಬೇಕೆಂದು ಹಾಕುವ ಮೆಟಾರೈಜಿಯಂ ಅದೇ. ೧೯೧೬ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಆರಂಭವಾದ ಕಾಸರಗೋಡಿನ ಸಂಸ್ಥೆಯು ಅದರ ಉಪಯೋಗವನ್ನು ತೋಟದವರಿಗೆ ಕಲಿಸಿದೆ. ತೆಂಗಿನ ಗುಂಡಿಯಲ್ಲಿ ಮಿತ್ರನಾದದ್ದು ಚಿಮ್ಮಂಡೆಯ ಪೆಟ್ಟಿಗೆಯಲ್ಲಿ ಶತ್ರು. ಮಳೆಗಾಲದ ನಾಲ್ಕು ತಿಂಗಳ ತೇವದಲ್ಲಿ ಬೂಷ್ಟು ಬಾರದಂತೆ ಪೆಟ್ಟಿಗೆಯನ್ನು ಇಟ್ಟುಕೊಳ್ಳುವುದೇ ಕರಾವಳಿಯವರಿಗೆ ದೊಡ್ಡ ಕೆಲಸ. ಸತ್ತ ಹುಳು ಮೆತ್ತಗಾಗಿ ಇಟ್ಟಿಗೆಯ ಕೆಂಪಿಗೆ ತಿರುಗಿದರೆ ಅದು ಸೆರಾಷಿಯಾ ಎಂಬ ಸೂಕ್ಷ್ಮಜೀವಿಯ ಕೆಲಸ. ಇಂತಹವನ್ನು ಪ್ರತಿದಿನವೂ ತೆಗೆದು ಹೂಳಬೇಕು, ಓತಿಗೆ ಹಾಕಕೂಡದು.

ಕಡೆಯದು ನೀಲಿ. ಆ ಮಗನು ಓದಿದ್ದು ಸುಳ್ಳಲ್ಲ. ೧೯೬೬ರಲ್ಲಿ ಜಪಾನ್ ದೇಶದ ವಿಜ್ಞಾನಿಗಳು ಭತ್ತದ ಕಾಂಡ ಕೊರೆಯುವ ಹುಳುವಿನಲ್ಲಿ ಒಂದು ವಿಷಾಣುವನ್ನು ವರದಿ ಮಾಡಿದರು; ಸೋಂಕಿದ ಹುಳುವಿನ ಮೈ ನೀಲಿಯಾಗಿ ಮಿರುಗುತ್ತಿತ್ತು. ಆ ಬಣ್ಣವು ಯಾವ ದ್ರವ್ಯದಿಂದಲೂ ಆದದ್ದಲ್ಲ. ಕೋಟ್ಯನುಕೋಟಿ ವಿಷಾಣುಗಳು ದೇಹದೊಳಗೆ ಅಂಗಡಿಯಲ್ಲಿ ಕಿತ್ತಳೆ ಹಣ್ಣು ಜೋಡಿಸಿದಂತೆ ಸಾಲುಸಾಲಾಗಿ ಕುಳಿತಿರಲು, ಅವುಗಳ ಮೇಲೆ ಬಿದ್ದ ಬೆಳಕು ನವಿಲುಗರಿಯಲ್ಲಿ ಹೊಳೆಯುವಂತೆ ನೀಲಿ ನೇರಳೆಯಾಗಿ ಹೊಳೆಯುವುದು. ಇದೇ ಕುಟುಂಬದ ವಿಷಾಣುವು ಸಾಕಿದ ಚಿಮ್ಮಂಡೆಗಳಲ್ಲಿಯೂ, ಜರ್ಮನಿಯಲ್ಲಿ ಪರೀಕ್ಷಿಸಿದ ಕೆಲವು ಗಡ್ಡದೋತಿ ಗೋಸುಂಬೆಗಳ ದೇಹದಲ್ಲಿಯೂ ದೊರೆತಿದೆ. ಆ ಓತಿಗಳ ಕಾಯಿಲೆಗೆ ಅದೇ ಕಾರಣವೆಂದು ಎಲ್ಲ ವಿದ್ವಾಂಸರೂ ಒಪ್ಪಿಲ್ಲವಾದರೂ, ಅಂತಹ ಹುಳುವನ್ನು ಉಣಿಸುವುದು ಜಾಣತನವಲ್ಲ. ಸೋಂಕಿನ ನೀಲಿಯು ಮೈಯ ಒಳಗಿನದು. ಹೊಟ್ಟೆಯ ತೆಳುಚರ್ಮದ ಮೂಲಕ ಕಾಣುವುದು, ಹೊಟ್ಟೆಯನ್ನು ಸೀಳಿದರೆ ಒಳಗಿನ ಕೊಬ್ಬಿನಲ್ಲಿ ಮಿರುಗುವುದು. ಹುಳುವೂ ಊದಿಕೊಂಡು ಮಂಕಾಗಿರುವುದು. ಪೆಟ್ಟಿಗೆಯಲ್ಲಿ ಒಂದು ಹುಳುವಿಗೆ ಹೀಗಾಗಿದ್ದರೂ ಎಲ್ಲವನ್ನೂ ಸುಟ್ಟು, ಪೆಟ್ಟಿಗೆಯನ್ನು ತೊಳೆದು ಒಣಗಿಸಿ, ಹೊಸ ತಳಿಯಿಂದ ಆರಂಭಿಸುವುದೇ ಉಪಾಯ, ಔಷಧವಿಲ್ಲ.

ತೋಟದ ಯಜಮಾನರ ಮಾತೂ ಅಷ್ಟೇ ನಿಜ. ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಸೇರಿಸಿದ ಬೋರ್ಡೋ ದ್ರಾವಣವನ್ನು ಮಳೆ ಹಿಡಿಯುವ ಸಮಯದಲ್ಲಿ ಅಡಿಕೆ ಗೊನೆಗಳಿಗೆ ಸಿಂಪಡಿಸುವುದನ್ನು ನಮ್ಮ ವಾಚಕರಿಗೆ ನಾನು ಹೇಳಬೇಕಾದುದಿಲ್ಲ. ಮೈಸೂರು ಸಂಸ್ಥಾನದಲ್ಲಿ ಕೋಲ್ಮನ್ ಎಂಬವರು ಈ ಕೊಳೆರೋಗದ ಕುರಿತು ೧೯೧೦ರಲ್ಲಿ ವಿಸ್ತಾರವಾಗಿ ಬರೆದಿದ್ದರು. ಗೊನೆಯಿಂದ ತೊಟ್ಟಿಕ್ಕಿದ ದ್ರಾವಣವು ಬುಡದ ಸೋಗೆಯ ಮೇಲೆ ಬೀಳುವುದು. ಅಲ್ಲಿ ಅಡಗಿದ ಚಿಮ್ಮಂಡೆಯ ಬೆನ್ನಿನ ಮೇಲೂ ಬೀಳುವುದು.

ನಾನು ಒದ್ದೆಯಾದ ಹತ್ತಿಯಿಂದ ಒಂದು ಹುಳುವಿನ ಬೆನ್ನನ್ನು ಒರಸಿದೆನು. ನೀಲಿಯು ಹತ್ತಿಗೆ ಬಂದಿತು. ನಾಲ್ಕು ಹುಳುಗಳ ಹೊಟ್ಟೆಯನ್ನು ಸೀಳಿ ಭೂತಕನ್ನಡಿಯಲ್ಲಿ ನೋಡಿದೆನು. ಕೊಬ್ಬು ಬೆಳ್ಳಗಿದ್ದಿತು. ಯಜಮಾನರ ಮುಖವರಳಿತು. "ರೋಗವಿಲ್ಲ; ನೀಲಿ ಬಿದ್ದದ್ದನ್ನು ಆರಿಸಿ ತೆಗೆದು ಉಳಿದದ್ದನ್ನು ಹಾಕಬಹುದು" ಎಂದು ನಾನು ಮಗನಿಗೆ ಹೇಳಿದೆನು. ಅವನು ಅರೆಮನಸ್ಸಿನಿಂದ ಡಬ್ಬವನ್ನು ಕೊಂಡೊಯ್ದನು.

ಮರುದಿನ ಸಾಯಂಕಾಲ ಒಂದು ಓತಿಯು ನಡುಗತೊಡಗಿ, ಬಾಯಿ ತೆರೆದು, ಕಾಲುಗಳ ಸ್ವಾಧೀನ ತಪ್ಪಿ, ರಾತ್ರಿಯೊಳಗೆ ಸತ್ತಿತು. ಇನ್ನೊಂದು ಕಡಿಮೆ ತಿಂದಿದ್ದುದರಿಂದ ಪಶುವೈದ್ಯರ ಚಿಕಿತ್ಸೆಯಿಂದ ಉಳಿಯಿತು. ಲಕ್ಷಣಗಳು ಕೀಟನಾಶಕದ ವಿಷದವೆಂದು ವೈದ್ಯರು ಹೇಳಿದರು. ನಾನು ಯಜಮಾನರಲ್ಲಿಗೆ ಹೋಗಿ ವಿಚಾರಿಸಿದಾಗ, ಬೋರ್ಡೋ ಸಿಂಪಡಿಸಿದ ವಾರವೇ ಬೇರುಹುಳುವಿನ ಬಾಧೆಗಾಗಿ ಕ್ಲೋರೋಪೈರಿಫಾಸ್ ಎಂಬ ಔಷಧವನ್ನು ನೀರಿನಲ್ಲಿ ಬೆರೆಸಿ ಅಡಿಕೆಯ ಬುಡಗಳಿಗೆ ಹೊಯ್ಯಿಸಿದ್ದರೆಂದು ತಿಳಿಯಿತು. ಹುಳು ಹಿಡಿದ ಹುಡುಗನನ್ನು ಕರೆದು ಕೇಳಿದೆವು. ಆ ವಾರ ಚಿಮ್ಮಂಡೆಗಳು ಬಹಳ ಸುಲಭವಾಗಿ ಸಿಕ್ಕಿದವೆಂದೂ, ನೆಗೆಯದೆ ತಡವರಿಸುತ್ತಿದ್ದುವೆಂದೂ, ಅದಕ್ಕಾಗಿ ಎಂದಿಗಿಂತ ಹೆಚ್ಚು ಹಿಡಿದನೆಂದೂ ಅವನು ಹೇಳಿದನು.

ಯಜಮಾನರು ನನ್ನ ಮೇಲೆ ದೋಷ ಹೊರಿಸಲಿಲ್ಲ. ಆದರೆ ಅವರು ಡಬ್ಬವನ್ನು ಮೇಜಿನ ಮೇಲಿಟ್ಟಾಗ ನಾನು ಕೇಳಬೇಕಾಗಿದ್ದ ಪ್ರಶ್ನೆಯು, ತೋಟಕ್ಕೆ ಇನ್ನೇನು ಹಾಕಿದ್ದೀರಿ ಎಂಬ ಒಂದೇ ಒಂದು ಪ್ರಶ್ನೆಯು, ನನ್ನ ಬಾಯಿಂದ ಬರಲಿಲ್ಲ. ಬಣ್ಣದ ವಾದದಲ್ಲಿ ಗೆದ್ದವರು ಯಾರೆಂದು ತೀರ್ಮಾನಿಸುವ ಉತ್ಸಾಹದಲ್ಲಿ ನಾನು ಡಬ್ಬದೊಳಗೆ ಹುಳುಗಳು ಹೇಗೆ ನಡೆಯುತ್ತಿದ್ದುವೆಂಬುದನ್ನೂ ಸರಿಯಾಗಿ ನೋಡಲಿಲ್ಲ. ಕೀಟನಾಶಕವು ಚಿಮ್ಮಂಡೆಯ ಬಣ್ಣವನ್ನು ಬದಲಿಸುವುದಿಲ್ಲ. ಅದು ನಡಿಗೆಯನ್ನು ಬದಲಿಸುವುದು.

ಆದುದರಿಂದ ತೋಟದ, ಗದ್ದೆಯ ಚಿಮ್ಮಂಡೆಯನ್ನು ಹಿಡಿದು ಮಾರುವುದನ್ನಾಗಲಿ ನಗರದ ಬಂಧುಗಳಿಗೆ ಕಳುಹಿಸುವುದನ್ನಾಗಲಿ ನಾನು ಈಗ ಯಾರಿಗೂ ಹೇಳುವುದಿಲ್ಲ. ಬೇಕಾದರೆ ಪೆಟ್ಟಿಗೆಯಲ್ಲಿ ಸಾಕುವುದು ಕಷ್ಟವಲ್ಲ. ಥಾಯ್‌ಲೆಂಡ್ ದೇಶದಲ್ಲಿ ಸುಮಾರು ೨೦,೦೦೦ ಮಂದಿ ರೈತರು ಚಿಮ್ಮಂಡೆ ಸಾಕುತ್ತಿದ್ದರೆಂದು ೨೦೧೩ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು ಪ್ರಕಟಿಸಿದೆ. ಅಲ್ಲಿ ಅದು ಮನುಷ್ಯರ ಊಟಕ್ಕೆ. ನಮ್ಮಲ್ಲಿ ಅಷ್ಟು ದೂರ ಹೋಗಬೇಕಾದುದಿಲ್ಲ. ಮುಚ್ಚಳಕ್ಕೆ ಸಣ್ಣ ಕಣ್ಣಿನ ಲೋಹದ ಜಾಲರಿ ಹೊಡೆದ ಪೆಟ್ಟಿಗೆ, ಅಡಗಲು ಮೊಟ್ಟೆಯ ಕಾಗದದ ತಟ್ಟೆಗಳು, ಮೊಟ್ಟೆಯಿಡಲು ಬಟ್ಟಲಿನಲ್ಲಿ ಒದ್ದೆ ಮಾಡಿದ ತೆಂಗಿನ ನಾರಿನ ಪುಡಿ, ಕುಡಿಯಲು ನೀರಿನಲ್ಲಿ ನೆನೆಸಿದ ಹತ್ತಿ. ನೀರನ್ನು ತೆರೆದ ತಟ್ಟೆಯಲ್ಲಿಟ್ಟರೆ ಮರಿಗಳು ಮುಳುಗಿ ಸಾಯುವುವು. ಮೇವಿಗೆ ತೌಡು, ಕೋಳಿಯ ಹಿಟ್ಟು, ಔಷಧ ಹಾಕದ ಸೊಪ್ಪು, ಕುಂಬಳಕಾಯಿಯ ತಿರುಳು. ೩೦ ಡಿಗ್ರಿಯ ಸುಮಾರಿನ ಸೆಕೆಯು ಅದಕ್ಕೆ ಹಿತ. ಅದು ನಮ್ಮೂರಿನಲ್ಲಿ ಧರ್ಮಕ್ಕೆ ಸಿಗುವುದು. ಎರಡು ವಾರದೊಳಗೆ ಮೊಟ್ಟೆಯೊಡೆದು, ಅಲ್ಲಿಂದ ಆರೆಂಟು ವಾರಗಳಲ್ಲಿ ಹುಳು ಬೆಳೆಯುವುದು. ಮಳೆಗಾಲದಲ್ಲಿ ಕಾಗದದ ತಟ್ಟೆಗಳನ್ನು ವಾರಕ್ಕೊಮ್ಮೆ ಬದಲಿಸಿ, ಮೇವನ್ನು ಅಂದಂದಿನದನ್ನು ಅಂದೇ ತೆಗೆದು, ಪೆಟ್ಟಿಗೆಯನ್ನು ಒಲೆಯ ಮನೆಯ ಒಣಗಿದ ಮೂಲೆಯಲ್ಲಿಡಬೇಕು. ಇಡೀ ವರ್ಷದ ಲಾಭ ನಷ್ಟವು ಜೂನಿನಿಂದ ಸೆಪ್ಟೆಂಬರಿನವರೆಗಿನ ಈ ಶ್ರಮದ ಮೇಲೆ ನಿಂತಿರುವುದು.

ಇಲ್ಲಿಯೂ ಬಣ್ಣವು ತೋರಿಸದ ಒಂದು ಕೊರತೆಯುಂಟು. ಎಷ್ಟೇ ಚೆನ್ನಾಗಿ ಹೊಳೆಯುವ ಚಿಮ್ಮಂಡೆಯಾದರೂ ಅದರಲ್ಲಿ ರಂಜಕಾಂಶವು ಬಹಳ, ಸುಣ್ಣದ ಅಂಶವು ಅತ್ಯಲ್ಪ. ಅದನ್ನೇ ತಿಂದು ಬೆಳೆದ ಓತಿಯ ಎಲುಬು ಮೆತ್ತಗಾಗಿ, ದವಡೆ ಬಾಗಿ, ಕಾಲು ಡೊಂಕಾಗುವುದು. ಸುಣ್ಣವೆಂದೊಡನೆ ಎಲೆಯಡಿಕೆಯ ಚಿಪ್ಪಿನ ಸುಣ್ಣವನ್ನು ಹುಳುವಿಗೆ ಸವರಿ ಹಾಕಿದವರನ್ನು ಕಂಡಿದ್ದೇನೆ. ಸುಟ್ಟ ಸುಣ್ಣವು ಓತಿಯ ಬಾಯನ್ನು ಬೇಯಿಸುವುದು. ಅದನ್ನು ಎಂದಿಗೂ ಹಾಕಕೂಡದು. ಕೋಳಿಮೊಟ್ಟೆಯ ಓಡನ್ನು ತೊಳೆದು ಒಣಗಿಸಿ, ಸುಡದೆ, ನುಣ್ಣಗೆ ಪುಡಿಮಾಡಿ, ಓತಿಗೆ ಹಾಕುವ ಹೊತ್ತಿನಲ್ಲಿ ಹುಳುವಿನ ಮೇಲೆ ಉದುರಿಸಬೇಕು. ಆ ಸುಣ್ಣವು ಮೈಗೆ ಹತ್ತಬೇಕಾದರೆ ಬಿಸಿಲು ಬೇಕು. ಮೋಡ ಮುಚ್ಚಿದ ತಿಂಗಳುಗಳಲ್ಲಿ ಅದಕ್ಕೆ ತಕ್ಕ ದೀಪವನ್ನು ಪಶುವೈದ್ಯರನ್ನು ಕೇಳಿ ಹಾಕಿಸತಕ್ಕದ್ದು. ಇಗುವಾನವೆಂಬ ಹಸಿರು ಓತಿಯನ್ನು ಸಾಕುವವರಿಗೆ ಈ ಲೇಖನದಿಂದ ಪ್ರಯೋಜನವಿಲ್ಲ. ಅದು ಸೊಪ್ಪು ತಿನ್ನುವ ಪ್ರಾಣಿ; ಯಾವ ಬಣ್ಣದ ಚಿಮ್ಮಂಡೆಯೂ ಅದಕ್ಕೆ ಬೇಡ.

ಊರಿನ ಮುಖ್ಯಸ್ಥರು ಒಂದು ವಿಷಯವನ್ನು ಗಮನದಲ್ಲಿಡಬೇಕು. ನಗರದವರು ಓತಿ ಸಾಕುವುದನ್ನು ಕಂಡು ನಮ್ಮ ಹುಡುಗರು ಉಡವನ್ನೋ, ಗೋಸುಂಬೆಯನ್ನೋ, ನಕ್ಷತ್ರ ಆಮೆಯನ್ನೋ ಹಿಡಿದು ತಂದು ಚಿಮ್ಮಂಡೆ ತಿನ್ನಿಸಿ ಸಾಕತೊಡಗಿದರೆ, ಅದು ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ೨೦೨೨ರ ತಿದ್ದುಪಡಿಯಿಂದ ಆ ಕಾಯಿದೆಯು ಮೊದಲಿಗಿಂತ ಬಿಗಿಯಾಗಿದೆ. ಹೊರದೇಶದ ಪ್ರಾಣಿಗಳಲ್ಲಿಯೂ ಅದರ ನಾಲ್ಕನೆಯ ಅನುಸೂಚಿಯಲ್ಲಿ ಸೇರಿದವನ್ನು, ಮೇಲೆ ಹೇಳಿದ ಇಗುವಾನವೂ ಸೇರಿದಂತೆ, ಸರ್ಕಾರದಲ್ಲಿ ನೋಂದಾಯಿಸತಕ್ಕದ್ದು. ನಮ್ಮ ನಾಡಿನ ಹಾವು ಉಡಗಳನ್ನು ನೋಡುವ ಆಸೆಯುಳ್ಳ ಮಕ್ಕಳನ್ನು ವಾಮಂಜೂರಿನ ಬಳಿಯ ಪಿಲಿಕುಳ ನಿಸರ್ಗಧಾಮಕ್ಕೆ ಕರೆದುಕೊಂಡು ಹೋಗಬಹುದು. ಕಾಳಿಂಗ ಸರ್ಪವನ್ನು ಮರಿಮಾಡಿಸಿದ ಸ್ಥಳವದು.

ಆ ಯಜಮಾನರ ಮನೆಯಲ್ಲಿ ಈಗ ಎರಡು ಪೆಟ್ಟಿಗೆ ಚಿಮ್ಮಂಡೆಗಳಿವೆ. ಉಳಿದ ಒಂದು ಓತಿಗೆ ಅವುಗಳಿಂದಲೇ ಆಹಾರ, ಮಿಕ್ಕದ್ದು ಕೋಳಿಗಳಿಗೆ. ತೋಟಕ್ಕೆ ಏನನ್ನು ಹಾಕಿದರೂ, ಗೊನೆಗಾಗಲಿ ಬುಡಕ್ಕಾಗಲಿ, ಅದರ ಹೆಸರನ್ನೂ ತಾರೀಖನ್ನೂ ತಡಮೆಯ ಬಳಿ ಒಂದು ಹಲಗೆಯ ಮೇಲೆ ಸೀಮೆಸುಣ್ಣದಿಂದ ಬರೆದಿಡುತ್ತಾರೆ. ಮಳೆಗೆ ಅದು ಅಳಿಸಿಹೋಗುತ್ತಿದ್ದುದರಿಂದ ಹೋದ ವರ್ಷ ಹಲಗೆಗೆ ಒಂದು ತಗಡಿನ ಮಾಡು ಹಾಕಿಸಿದ್ದಾರೆ.